ಹಳ್ಳದಾಚೆ ಕೂಗಿದ ಮಾಳಿಂಗ

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಇಂದುಮುಖಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ಬೇಕೆಂದರೆ ರಾಜಕುಮಾರಿಯೂ! ತಪ್ಪಿದವರ ತಲೆ ಕೋಟೆ ಬಾಗಿಲಿಗೆ!"

ಘೋಷಪುರದ ದೊರೆ ಪ್ರಚಂಡವರ್ಮನ ಈ ಡಂಗುರ ಸುತ್ತಲಿನ ದೇಶಗಳಿಗೆಲ್ಲ ಹೊತ್ತು ಮುಳುಗುವುದರೊಳಗೆ ಮುಟ್ಟಿತು. ಮುಟ್ಟದೆ ಏನು? ಗುಡ್ಡಗುಡ್ಡದ ಮೇಲಿನ ನಗಾರಿಗಳೆಲ್ಲ ಅವನವೇ. ಯಾವ ದೇಶದವರು ಯಾವ ದೇಶಕ್ಕೆ ಮಾತು ಕಳಿಸಿದರೂ ಅದು ಮೊದಲು ಘೋಷಪುರಕ್ಕೆ ಹೋಗಬೇಕು, ದೊರೆ ಕೇಳಿ ತಲೆಯಾಡಿಸಬೇಕು, ಆಮೇಲೆ ಮುಂದಿನ ನಗಾರಿ. ಯಾವ ದೇಶದಲ್ಲಿ ಕಾಳು ಮುಗಿದಿದೆ, ಯಾವ ರಾಜನಿಗೆ ಕೆಮ್ಮು ಹತ್ತಿದೆ, ಎಲ್ಲ ಅವನಿಗೆ ಮೊದಲೇ ಗೊತ್ತು. ಇಷ್ಟಿದ್ದ ಮೇಲೆ ಯುದ್ಧ ಮಾಡುವ ಕಷ್ಟ ಯಾಕೆ ಹೇಳಿ!

ಕುರಿ ಕಾಯುವ ಮಾಳಿಂಗನ ಗೋಳೂ ಇದೇ. ಹಳ್ಳದ ಈಚೆ ಅವನ ದೇಶ, ಆಚೆ ಅಕ್ಕ ಹೊನ್ನವ್ವನ ಗಂಡನ ದೇಶ. ಅಕ್ಕ ತುಂಬಿದ ಬಸುರಿ. ಹಿಂದಿನ ಹೆರಿಗೆಯಲ್ಲಿ ಸತ್ತು ಬದುಕಿದವಳು. ಹಳ್ಳ ಉಕ್ಕಿ ಹರಿಯುತ್ತಿತ್ತು, ದಾಟುವ ಹಾಗಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಗಡಿಯಾಚೆ ಕೂಗಿದವನ ನಾಲಿಗೆ ಕೊಯ್ಯಬೇಕೆಂದು ಘೋಷಪುರದ ಕಟ್ಟಳೆ. ನಗಾರಿಯಲ್ಲಿ ವಿಚಾರಿಸಿದರೆ "ದೊರೆ ಮಲಗಿದ್ದಾರೆ" ಎಂಬ ಉತ್ತರ. ಒಗಟು ಬಿಡಿಸಿದರೆ ಕೇಳಿದ್ದು ಸಿಗುತ್ತದಲ್ಲ ಎಂದುಕೊಂಡ ಮಾಳಿಂಗ. ಕಂಬಳಿ ಹೆಗಲಿಗೆ ಹಾಕಿಕೊಂಡು ಘೋಷಪುರಕ್ಕೆ ಹೊರಟೇಬಿಟ್ಟ.

ತುಂಬಿದ ಸಭೆಯಲ್ಲಿ ರಾಜಕುಮಾರಿ ಕೇಳಿದಳು: "ಕೊಟ್ಟರೂ ಕೊಟ್ಟವನ ಹತ್ತಿರವೇ ಉಳಿಯುತ್ತದೆ, ತಡವಾದರೆ ಕೆಟ್ಟುಹೋಗುತ್ತದೆ. ಏನದು?"

"ವಿದ್ಯೆ!" ಎಂದ ಒಬ್ಬ ರಾಜಕುಮಾರ.

"ವಿದ್ಯೆ ತಡವಾಗಿ ಬಂದರೂ ಕೆಡುವುದಿಲ್ಲ."

"ಹಾಗಾದರೆ ಮೊಸರು!" ಎಂದ ಇನ್ನೊಬ್ಬ. "ಕೆಡುತ್ತದಲ್ಲ!"

ತಲೆ ತೆಗೆಯುವವನು ಊಟಕ್ಕೆ ಹೋಗಿದ್ದರಿಂದ ಇಬ್ಬರನ್ನೂ ಗೋಡೆ ಪಕ್ಕ ಕೂರಿಸಿದರು.

"ಸುದ್ದಿ ಅಲ್ಲೇನ್ರೀ ಯವ್ವಾ," ಎಂದ ಮಾಳಿಂಗ. "ಹೇಳಿದವರ ಹತ್ರನೂ ಇರತೈತಿ. ಆದ್ರ ಹೊತ್ತಿಗೆ ಬರದಿದ್ರ ಅದನ್ನ ತಗೊಂಡು ಏನು ಮಾಡೋದು?"

ರಾಜಕುಮಾರಿ ಅವನನ್ನೊಮ್ಮೆ ದಿಟ್ಟಿಸಿ ಎರಡನೆಯದನ್ನು ಕೇಳಿದಳು: "ನೂರಾರು ಬಾಯಿ, ಒಂದೇ ಕಿವಿ. ಏನದು?"

"ನನ್ನ ಅಂತಃಪುರ!" ಎಂದು ಒಬ್ಬ ಮುದಿರಾಜ ಎದ್ದುನಿಂತ. "ನನಗೆ ಎಡಗಿವಿ ಕೇಳಿಸುವುದಿಲ್ಲ."

"ನಿಮ್ಮ ಸಂಕಟ ಅರ್ಥವಾಯಿತು. ಉತ್ತರ ತಪ್ಪು."

ಅವನೂ ಗೋಡೆ ಪಕ್ಕಕ್ಕೆ ಹೋದ.

"ಈ ನಗಾರಿಗಳು," ಎಂದ ಮಾಳಿಂಗ. "ಮಾತಾಡೋರು ಎಲ್ಲಾ ದೇಶದಾಗ ಅದಾರ, ಕೇಳೋದು ದೊರೆ ಒಬ್ಬರೇ."

ಹೊಗಳಿಕೆಯೆಂದುಕೊಂಡು ದೊರೆ ಮೀಸೆ ತಿರುವಿದ.

"ಕೊನೆಯದು," ಎಂದಳು ರಾಜಕುಮಾರಿ. "ಅಪ್ಪಾಜಿಯ ಬಲ ಖಡ್ಗದಲ್ಲಿಲ್ಲ, ಖಜಾನೆಯಲ್ಲಿಲ್ಲ, ಈ ಊರಲ್ಲೇ ಇಲ್ಲ. ಎಲ್ಲಿದೆ?"

"ಮೀಸೆಯಲ್ಲಿ!" ಎಂದು ದಳಪತಿಯೊಬ್ಬ ಕೂಗಿಬಿಟ್ಟ. ಮೀಸೆ ಊರಲ್ಲೇ ಇತ್ತು. ಪಾಪ, ಅವನೂ ಗೋಡೆಗೆ.

ಊಟ ಮುಗಿಸಿದ ಕೊಡಲಿಯವನು ಬಾಯಿ ಒರೆಸಿಕೊಳ್ಳುತ್ತ ಬಂದು ನಿಂತ. ಮಾಳಿಂಗ ಕೊಡಲಿಯನ್ನೊಮ್ಮೆ ನೋಡಿದ. ಆದರೂ ಹೇಳಿದ: "ನಮ್ಮ ಹತ್ರ ಐತ್ರಿ. ಹಳ್ಳದ ಆಚಿನವರು, ಈಚಿನವರು, ಇಬ್ಬರೂ ಬಾಯಿ ಮುಚ್ಚಿಗೊಂಡು ಕುಂತೀವಲ್ಲ, ಅದರಾಗ ಐತಿ. ನಾವು ನಾವೇ ಮಾತಾಡಿಕೊಂಡ್ರ ದೊರೆಗಳನ್ನ ಯಾರು ಕೇಳ್ತಾರ?"

ದೊರೆ ಕೆಂಡಾಮಂಡಲವಾಗಿ ಎದ್ದ. "ಎಳೆದುಕೊಂಡು ಹೋಗಿ ಇವನನ್ನ!"

"ಉತ್ತರ ಸರಿ, ಅಪ್ಪಾಜಿ," ಎಂದಳು ರಾಜಕುಮಾರಿ. "ಮಾತು ಕೊಟ್ಟದ್ದು ನೀವು. ನಿಮ್ಮ ನಗಾರಿಯಲ್ಲೇ ಎಲ್ಲ ದೇಶಗಳೂ ಕೇಳಿಸಿಕೊಂಡಿವೆ."

ದೊರೆ ದೊಪ್ಪನೆ ಕೂತ. "ಏನು ಬೇಕೋ ನಿನಗೆ?"

"ಹಳ್ಳದಾಚೆ ಕೂಗಾಕ ಅಪ್ಪಣೆ. ನನಗಷ್ಟೇ ಅಲ್ರಿ, ಎಲ್ಲರಿಗೂ. ಮತ್ತ ಆ ಗ್ವಾಡಿ ಪಕ್ಕದವರನ್ನ ಬಿಟ್ಟುಬಿಡ್ರಿ."

"ನಾನು ಬೇಡವೇ?" ಎಂದು ರಾಜಕುಮಾರಿ ನಕ್ಕಳು.

"ಮೊದಲು ಅಕ್ಕನ್ನ ಕೇಳಬೇಕ್ರಿ," ಎಂದವನೇ ಓಡಿದ.

ಅವನು ಊರು ಮುಟ್ಟುವುದರೊಳಗೆ ದೊರೆಯ ಅಪ್ಪಣೆ ನಗಾರಿಯಲ್ಲಿ ಹಳ್ಳದ ಎರಡೂ ಕಡೆ ಮೊಳಗಿತ್ತು. ಹಳ್ಳದ ದಂಡೆಯಲ್ಲಿ ನಿಂತು, ಎದೆ ಬಿರಿಯುವಂತೆ "ಅಕ್ಕಾ!" ಎಂದು ಕೂಗಿದ. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಕೂಗಿದ. ಆಚೆ ಗುಡಿಸಲಿನಿಂದ ಹೊನ್ನವ್ವ ಕೂಸನ್ನು ಎದೆಗವಚಿಕೊಂಡು ಹೊರಗೆ ಬಂದಳು.

"ಹೆಣ್ಣು ಕೂಸೋ ತಮ್ಮಾ! ಇಬ್ಬರೂ ಆರಾಮ ಅದೀವಿ!" ಎಂದು ಕೂಗಿದವಳು, ಆಮೇಲೆ ಬೈಯತೊಡಗಿದಳು. "ಇಷ್ಟು ಹತ್ರ ಇದ್ದು ಇಷ್ಟು ದಿನ ಯಾಕ ಕೂಗಲಿಲ್ಲೋ ಹುಚ್ಚಪ್ಪಾ?"

ಮಾಳಿಂಗ ನಗುತ್ತ ಅಳುತ್ತ ಮತ್ತೆ ಕೂಗಿದ: "ಇನ್ನ ದಿನಾ ಕೂಗ್ತೀನಿ ಅಕ್ಕಾ!"