ಇನ್ನೆರಡು ದಿನ ಬೀಳಬೇಡವ್ವ

ಹಪ್ಪಳ ಮಾರುವ ಪುಟ್ಟಗೌರಮ್ಮನಿಗೆ ಒಬ್ಬನೇ ಮಗ, ಮುದ್ದಯ್ಯ. ಒಬ್ಬನೇ ಆದದ್ದು ಪುಣ್ಯ ಅನ್ನಿ! ಇಂಥವರು ಇಬ್ಬರಿದ್ದಿದ್ದರೆ ಆಕೆ ಯಾವತ್ತೋ ಕಾಶಿ ದಾರಿ ಹಿಡಿಯುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ! ತನ್ನ ಕೈಕಾಲು ಮುರಿದರೆ ಇವನಿಗೆ ಅನ್ನ ಹಾಕೋರು ಯಾರು ಅನ್ನೋದೇ ಅವಳ ಚಿಂತೆ. ಅದಕ್ಕೇ ಮಗನಿಗೆ ಹೋದ ವರ್ಷ ಅಪಘಾತದ ವಿಮೆ ಮಾಡಿಸಿದ್ದಳು, ಈ ವರ್ಷ ತನಗೂ ಮಾಡಿಸಿದಳು.

ಮಾಡಿಸಿದ ಮಾರನೇ ದಿನವೇ ಮುದ್ದಯ್ಯ ಸೈಕಲ್ಲಿಂದ ಬಿದ್ದು ಮಂಡಿ ತರಚಿಕೊಂಡ.

"ಏಳು ದಿನದೊಳಗೆ ವಿಮೆ ಆಫೀಸಿಗೆ ತೋರಿಸಬೇಕಂತೆ ಕಣ್ಲಾ!" ಅಂದಳು ಅವ್ವ.

ಏಳು ದಿನ ಅಂದರೆ ಏಳು ದಿನ! ಆರು ದಿನ ಜಗಲಿ ಮೇಲೆ ಕಾಲು ಚಾಚಿ ಕೂತ, ಏಳನೇ ದಿನ ಹೋದ. ಗಾಯ ಆಗಲೇ ಮಾಯ್ದಿತ್ತು. ಗುಮಾಸ್ತ ನಕ್ಕು ಕಳಿಸಿದ.

"ಅಯ್ಯೋ ಮಂಕೇ! ಪೆಟ್ಟಾದ ತಕ್ಷಣ ಓಡಬೇಕು, ಎಲ್ಲೂ ನಿಲ್ಲಬಾರದು!"

"ಆಗಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮುಂದಿನ ವಾರ ತೆಂಗಿನಕಾಯಿ ಸುಲಿಯುವಾಗ ಹೆಬ್ಬೆರಳು ಕುಯ್ದುಕೊಂಡ. ಓಡಿದ! ಬಟ್ಟೆ ಸುತ್ತಲಿಲ್ಲ, ಎಲ್ಲೂ ನಿಲ್ಲಲಿಲ್ಲ, ಓಡಿದ! ಗುಮಾಸ್ತನ ರಿಜಿಸ್ಟರೆಲ್ಲ ರಕ್ತ. "ಡಾಕ್ಟರ ಚೀಟಿ ಎಲ್ಲಯ್ಯಾ?" ಅಂತ ಗದರಿ ಅವನು ಅಟ್ಟಿಬಿಟ್ಟ.

"ಮೊದಲು ಡಾಕ್ಟ್ರು ಕಣ್ಲಾ! ಏನೇ ಆಗಲಿ, ಮೊದಲು ಡಾಕ್ಟ್ರು!"

"ಆಗಲಿ ಕಣವ್ವ."

ಅದರ ಮುಂದಿನ ವಾರ ಒಲೆ ಕಿಡಿ ಹಾರಿ ಹಪ್ಪಳದ ಬುಟ್ಟಿಗೆ ಬೆಂಕಿ ಬಿತ್ತು. ಪಕ್ಕದಲ್ಲೇ ಕೊಡದ ತುಂಬ ನೀರು. ಮುದ್ದಯ್ಯ ಆ ಕೊಡ ದಾಟಿಕೊಂಡು ಓಡಿದ! "ಡಾಕ್ಟ್ರೇ, ಬೇಗ ಬನ್ನಿ, ನಮ್ಮ ಬುಟ್ಟಿ ಸುಟ್ಕೊಂಡೈತೆ!"

ಡಾಕ್ಟ್ರು ಬರುವಷ್ಟರಲ್ಲಿ ಬುಟ್ಟಿ ಬೂದಿ. ಅವ್ವ ಹಣೆ ಚಚ್ಚಿಕೊಂಡಳು.

"ಹಂಗೆಲ್ಲ ಓಡಬೇಡ ಮಾರಾಯ! ಮೊದಲು ದಿನ ಲೆಕ್ಕ ಹಾಕು, ಯೋಚನೆ ಮಾಡು. ನನ್ನ ವಿಮೆ ಶುರುವಾಗೋಕೆ ಮೂವತ್ತು ದಿನ ತುಂಬಬೇಕು. ಅದಕ್ಕೆ ಮುಂಚೆ ನಾನೇನಾದ್ರೂ ಬಿದ್ದರೆ ಬಿಡಿಗಾಸೂ ಸಿಗಲ್ಲ!"

"ಆಗಲಿ ಕಣವ್ವ."

ಒಂದು ಮಧ್ಯಾಹ್ನ ಪುಟ್ಟಗೌರಮ್ಮ ಅಟ್ಟದ ಮೇಲಿನ ಡಬ್ಬ ತೆಗೆಯಲು ಏಣಿ ಹತ್ತಿದಳು. ಏಣಿ ಜಾರಿ ಬಿತ್ತು. ಅವಳು ತೊಲೆ ಹಿಡಿದು ನೇತಾಡಿದಳು.

"ಮುದ್ದಾ! ಏಣಿ ಹಾಕ್ಲಾ!"

ಮುದ್ದಯ್ಯ ಓಡಲಿಲ್ಲ. ಕ್ಯಾಲೆಂಡರ್ ನೋಡಿದ, ಬೆರಳು ಮಡಚಿ ಎಣಿಸಿದ.

"ಅವ್ವ, ಇವತ್ತಿಗೆ ಇಪ್ಪತ್ತೆಂಟೇ! ಇನ್ನೆರಡು ದಿನ ಬೀಳಬೇಡವ್ವ!"

"ಲೇ, ಕೈ ಸೋಲ್ತಾ ಐತೆ ಕಣ್ಲಾ!"

ಪಾಪ, ಎರಡು ದಿನ ಉಪವಾಸ ಇರೋದು ಹೆಂಗೆ? ಮುದ್ದಯ್ಯ ಒಳಗೆ ಹೋಗಿ ಮೊಸರನ್ನ ಕಲಸಿದ. ಅವ್ವನ ಬಾಯಿಗೆ ತುತ್ತಿಡಲು ಏಣಿ ಎತ್ತಿ ನಿಲ್ಲಿಸಿ, ತಟ್ಟೆ ಹಿಡಿದು ತಾನೇ ಹತ್ತಿದ. ಏಣಿ ಕಾಲಿಗೆ ಸಿಕ್ಕಿದ್ದೇ ತಡ, ಪುಟ್ಟಗೌರಮ್ಮ ತಟ್ಟೆ ಕಿತ್ತುಕೊಂಡು, ಮಗನನ್ನು ಒತ್ತರಿಸಿಕೊಂಡು ಕೆಳಗಿಳಿದಳು. ಬದುಕಿದೆಯಾ ಬಡಜೀವವೇ ಅಂತ ಕೂತು ತಲೆಯೆತ್ತಿ ನೋಡಿದರೆ, ಮಗ ಏಣಿ ಬಿಟ್ಟು ತೊಲೆಗೆ ಜೋತುಬಿದ್ದಿದ್ದಾನೆ!

"ಇದೇನ್ಲಾ ಇದು?"

"ಇನ್ನೂ ಎರಡು ದಿನ ಬಾಕಿ ಐತಲ್ಲವ್ವ! ನಿಂಗೆ ಸುಸ್ತಾಗೈತೆ, ಊಟ ಮಾಡು. ಮಿಕ್ಕಿದ್ದು ನಾನು ನೇತಾಡ್ತೀನಿ!"