ನದಿ ಮರಳಿನಡಿಗೆ ಇಳಿದದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳ ಮೈ ಆರಿರಲಿಲ್ಲ. ನದಿಗಳು ತಮಗೆ ತೋಚಿದ ಕಡೆ ಹರಿಯುತ್ತಿದ್ದವು.

ಆಗ ದೊಡ್ಡದೊಂದು ಮರುಭೂಮಿ, ಅದರ ನಡುವೆ ಒಂದು ನದಿ. ಅಡಗಿಕೊಂಡಲ್ಲ, ಮರಳಿನ ಮೇಲೆ, ಎಲ್ಲರ ಕಣ್ಣೆದುರು ಮೈತುಂಬಿ ಹರಿಯುತ್ತಿತ್ತು. ಈಚೆ ದಡ ಒಬ್ಬ ರಾಜನ ಗಡಿ, ಆಚೆ ದಡ ಇನ್ನೊಬ್ಬನದು. ಇಬ್ಬರು ರಾಜರೂ ಅಷ್ಟು ದೂರ ಬಂದು ನೋಡಿದವರಲ್ಲ. ಬಂದವಳು ತಿಪ್ಪಕ್ಕ.

ತಲೆಯ ಮೇಲೆ ಹರಿಗೋಲು ಕವುಚಿಕೊಂಡು ಬಂದಳು. ನೀರಿಗಿಳಿಸಿದಳು. ಜನರನ್ನು ದಾಟಿಸತೊಡಗಿದಳು. ದಾಟಲು ಬಂದವರಲ್ಲಿ ಕೆಲವರು ಅಲ್ಲೇ ಉಳಿದರು. ಒಬ್ಬ ಮಡಕೆ ಸುಡಲು ಆವಿಗೆ ಹೂಡಿದ. ಒಬ್ಬಳು ಖರ್ಜೂರದ ಬೀಜ ಊರಿದಳು. ಹಗ್ಗ ಹೊಸೆಯುವವರು ಬಂದರು, ಕತ್ತೆಗಳು ಬಂದವು, ಜಗಳಗಳೂ ಬಂದವು. ನೋಡನೋಡುತ್ತಲೇ ಊರಾಯಿತು! ಮರಳು ದಾಟಿ ಯಾರೇ ಬರಲಿ, ಮೊದಲು ನೀರು ಕೊಡಬೇಕು, ಆಮೇಲೆ ಹೆಸರು ಕೇಳಬೇಕು. ಆ ಊರಿನವರು ತಾವೇ ಮಾಡಿಕೊಂಡ ಕಟ್ಟಳೆ ಅದು.

ಗಾಳಿ ಮಾತ್ರ ದಿನಾ ಬಂದು ನದಿಗೆ ಮರಳು ಸುರಿಯುತ್ತಿತ್ತು. ಬೈದರೆ, ನನಗೆ ಬರುವ ಕೆಲಸ ಇದೊಂದೇ ಎನ್ನುತ್ತಿತ್ತು. ಆಗ ಮಲ್ಕಪ್ಪ ಎಂಬ ದಾಂಡಿಗ ಎದ್ದು, ಗಾಳಿ ಬರುವ ಕಡೆಗೆ ಗೋಡೆ ಕಟ್ಟೋಣ ಎಂದ. ಊರಿಗೆ ಊರೇ ಕುಣಿಯಿತು. ಹಾಡುತ್ತ ಕೆಸರು ತುಳಿದರು, ಹಾಡುತ್ತ ಇಟ್ಟಿಗೆ ಹೊತ್ತರು. ತಿಪ್ಪಕ್ಕನೂ ಹೊತ್ತಳು. ಕಣ್ಣು ಹೋದಷ್ಟು ದೂರ ಗೋಡೆ ಎದ್ದಿತು. ಊರೂ ನದಿಯೂ ಒಳಗೆ, ಮರುಭೂಮಿ ಹೊರಗೆ. ಅಷ್ಟು ಉದ್ದದ ಗೋಡೆಗೆ ಒಂದೇ ಬಾಗಿಲಿಟ್ಟರು. ಅದನ್ನು ಕಾಯಲು ಮಲ್ಕಪ್ಪನನ್ನೇ ಇಟ್ಟರು. ಮೂರ್ಖರು.

ಮೊದಲ ದಿನ ಅವನು ನೀರು ಕೊಡುವ ಮೊದಲೇ ಹೆಸರು ಕೇಳಿದ. ಎರಡನೆಯ ದಿನ ಯಾವ ರಾಜನ ಕಡೆಯವರು ಎಂದು ಕೇಳಿದ. ಮೂರನೆಯ ದಿನ ಏನೂ ಕೇಳಲಿಲ್ಲ. ನದಿ ನಮ್ಮದು ಎಂದು ಬಾಗಿಲು ಹಾಕಿದ. ಬಾಯಲ್ಲಿ ನಮ್ಮದು, ಹೊಟ್ಟೆಯಲ್ಲಿ ನನ್ನದು.

ಒಂದು ಉರಿಬಿಸಿಲಿನ ಮಧ್ಯಾಹ್ನ ಕುರಿಗಾರರ ಗುಂಪೊಂದು ಗೋಡೆಯ ಬುಡಕ್ಕೆ ಬಂದು ಕುಸಿಯಿತು. ಏಳು ದಿನದ ದಾರಿ ನಡೆದವರು. ಅವರಲ್ಲಿ ತಿಪ್ಪಕ್ಕನ ತಂಗಿ ಓಬವ್ವನೂ ಇದ್ದಳು. ಅವಳ ಕಂಕುಳಲ್ಲಿದ್ದ ಕೂಸು ಅಳುವುದನ್ನೂ ಬಿಟ್ಟಿತ್ತು. ತಿಪ್ಪಕ್ಕ ಗೋಡೆ ಹತ್ತಿ ಒಂದು ತೊಗಲಚೀಲ ನೀರು ಎಸೆದಳು. ನೂರು ಬಾಯಿಗೆ ಅದು ಎಲ್ಲಿಗೆ ಸಾಕು? ಎರಡನೆಯ ಚೀಲವನ್ನು ಮಲ್ಕಪ್ಪ ಕಿತ್ತುಕೊಂಡ.

“ಬಾಗಿಲು ತೆಗಿ ಮಲ್ಕಪ್ಪ. ಅವಳು ನನ್ನ ತಂಗಿ.”

“ಇವತ್ತು ತಂಗಿ ಅಂತೀಯ, ನಾಳೆ ತಂಗಿಯ ನಾದಿನಿ ಅಂತೀಯ. ಈ ಗೋಡೆಯಲ್ಲಿ ನಿನ್ನ ಇಟ್ಟಿಗೆಗಳೂ ಇವೆಯಲ್ಲ ಅಕ್ಕ? ಕಟ್ಟುವಾಗ ಎಷ್ಟು ಚೆಂದ ಹಾಡಿದೆ!”

ತಿಪ್ಪಕ್ಕನ ಮೈಯೆಲ್ಲ ಉರಿದುಹೋಯಿತು. ನದಿಯ ಹತ್ತಿರ ಓಡಿ ಎಲ್ಲವನ್ನೂ ಹೇಳಿದಳು. ಗೋಡೆ ಹತ್ತುವುದನ್ನು ತನಗೆ ಯಾರೂ ಕಲಿಸಲಿಲ್ಲ ಎಂದು ನದಿ ಕೊರಗಿತು. ನೂರು ವರ್ಷ ಊದಿದರೆ ಬೀಳಿಸಬಹುದು ಎಂದು ಗಾಳಿ ಲೆಕ್ಕ ಹಾಕಿತು. ಅಷ್ಟರಲ್ಲಿ ಬಿಲದಿಂದ ಒಂದು ಉಡ ತಲೆ ಹೊರಹಾಕಿತು.

“ಎಲ್ಲರೂ ಮೇಲೆ ನೋಡಿ ಅಳ್ತೀರಲ್ಲ. ಈ ಗೋಡೆಗೆ ಅಡಿಪಾಯ ಒಂದೇ ಮೊಳ. ನಾನು ದಿನಾ ಅಡಿಯಿಂದಲೇ ಹೋಗಿ ಬರ್ತೀನಿ.”

ನದಿ ತನ್ನ ಮೈ ನೋಡಿಕೊಂಡಿತು. ತನ್ನ ಹೊಳಪೆಂದರೆ ಅದಕ್ಕೆ ಪ್ರಾಣ. ಕೆಳಗಿಳಿದರೆ ಇಲ್ಲೊಂದು ನದಿ ಇದೆ ಎಂದು ಯಾರಿಗೆ ಗೊತ್ತಾದೀತು? ಕೊನೆಗೆ ಕೇಳಿತು, “ನಾನು ಇಳಿದರೆ ನಿನ್ನ ಹರಿಗೋಲು ಮರಳ ಮೇಲೆ ಕೂರುತ್ತೆ ತಿಪ್ಪಕ್ಕ. ನಿನ್ನ ಅನ್ನ ಅದೇ ಅಲ್ವಾ?”

ತಿಪ್ಪಕ್ಕ ಹರಿಗೋಲನ್ನು ನೋಡಿದಳು. ಬಿದಿರು ಬಾಗಿಸಿದ್ದು ಅವಳ ಕೈ, ತೊಗಲು ಹೊಲಿದದ್ದು ಅವಳ ಕೈ.

“ಹೌದು,” ಎಂದಳು. “ಇಳಿ.”

ನದಿ ಇಳಿಯಿತು! ಬುಳುಬುಳು ಎಂದು ಇಳಿಯಿತು! ಮುಂದೆ ಉಡ, ಹಿಂದೆ ನದಿ. ಹರಿಗೋಲು ಮರಳ ಮೇಲೆ ವಾಲಿ ಕೂತಿತು. ಗಾಳಿ ಸಂಭ್ರಮದಿಂದ ಮರಳೆಳೆದು ನದಿಗೆ ಹೊದಿಸಿತು.

ಗೋಡೆಯಾಚೆ ಓಬವ್ವನ ಅಂಗಾಲು ತಣ್ಣಗಾಯಿತು. ಅವಳು ಮೊಣಕಾಲೂರಿ ಎರಡೂ ಕೈಯಿಂದ ಕೆರೆದಳು. ಗೇಣಿನ ಆಳಕ್ಕೆ ತೇವ. ಮೊಳದ ಆಳಕ್ಕೆ ಕೆಸರು. ತೋಳಿನ ಆಳಕ್ಕೆ ನೀರು! ಬೊಗಸೆಯ ನೀರು ಕೂಸಿನ ತುಟಿಗೆ ತಾಗಿತು, ಕೂಸು ಕಿಟಾರನೆ ಕಿರುಚಿತು. ಆ ಕಿರುಚು ಕೇಳಿ, ಓಡಿಬಂದು ಗೋಡೆ ಹತ್ತಿ ನಿಂತಿದ್ದ ತಿಪ್ಪಕ್ಕ ನಕ್ಕಳು, ನಗುತ್ತಲೇ ಅತ್ತಳು. ಕುರಿಗಾರರೆಲ್ಲ ತೋಡಿದರು. ಕುರಿಗಳೂ ಗೊರಸಿನಿಂದ ತೋಡಿದವು.

ಒಳಗೆ ಊರಿನವರೂ ತೋಡಿ ಕುಡಿದರು. ಮಲ್ಕಪ್ಪ ಎರಡು ದಿನ ಬಾಗಿಲು ಕಾದ. ಕಾಯಲು ಏನಿತ್ತು? ಮೂರನೆಯ ದಿನ ನಾಲಿಗೆ ಒಣಗಿ ಬಂದ. ತನಗಾಗಿ ತೋಡುವವರನ್ನು ಹುಡುಕಿದ. ಒಬ್ಬರೂ ಏಳಲಿಲ್ಲ. ಕೊನೆಗೆ ತಾನೇ ಮೊಣಕಾಲೂರಿದ, ತೋಡಿದ, ಕುಡಿದ. ಕುಡಿದವನೇ ಗುಂಡಿಯ ಸುತ್ತ ಬೇಲಿ ಹಾಕಿದ. ಬೆಳಿಗ್ಗೆ ಎದ್ದು ನೋಡಿದರೆ ಬೇಲಿಯಿತ್ತು, ಗುಂಡಿಯಿರಲಿಲ್ಲ. ಗಾಳಿ ತನಗೆ ಬರುವ ಕೆಲಸ ಮಾಡಿ ಹೋಗಿತ್ತು.

ಅದಕ್ಕೇ ಮಕ್ಕಳೇ, ಇವತ್ತಿಗೂ ಮರುಭೂಮಿಯ ನದಿ ಮೇಲಿಂದ ನೋಡಿದರೆ ಬರೀ ಮರಳು; ಮೊಣಕಾಲೂರಿ ತೋಳುದ್ದ ತೋಡಿದವರಿಗೆಲ್ಲ ಒರತೆ ಸಿಗುತ್ತದೆ, ಅವರು ಎದ್ದು ಹೋದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.