ಅಡಿವೆವ್ವ ತಿರುಗಿಸಿದ ಪೈಪು

ವರ್ಷದ ಮೊದಲ ಮಳೆ ಇರುವುದು ಮಾಳಿಗೆ ತೊಳೆಯುವುದಕ್ಕೆ. ಅದರ ಒಂದು ಹನಿಯೂ ಕುಡಿಯುವ ನೀರಿನ ಟಾಕಿಗೆ ಬೀಳಕೂಡದು. ಇದು ನಿಯಮ. ಎರೆಕೊಪ್ಪದ ಕೆಳಗಿನ ಓಣಿಯ ಎಂಟು ಮನೆಯವರು ತಾವೇ ಕೂತು ಮಾಡಿಕೊಂಡದ್ದು. ಮುರಿದವರೂ ಆ ಎಂಟು ಮನೆಯವರೇ.

ಆ ಊರಿನ ಬಾವಿಗಳ ನೀರು ಉಪ್ಪು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಅದಕ್ಕೇ ಎಂಟೂ ಮಾಳಿಗೆಗಳ ಮಳೆನೀರನ್ನು ಒಂದು ದೊಡ್ಡ ಪೈಪಿಗೆ ಕೂಡಿಸಿ, ನೆಲದೊಳಗಿನ ಒಂದೇ ಟಾಕಿಗೆ ಇಳಿಸಿದ್ದರು. ಪೈಪು ಕೊನೆಯಾಗುವುದು ಆ ಎಂಟು ಮನೆಗಳಲ್ಲೊಂದಾದ ಅಡಿವೆವ್ವನ ಮನೆಯ ಗೋಡೆಯ ಬಳಿ. ಅದರ ಬಾಯನ್ನು ಈ ಕಡೆ ತಿರುಗಿಸಿದರೆ ನೀರು ಟಾಕಿಗೆ, ಆ ಕಡೆ ತಿರುಗಿಸಿದರೆ ಬೀದಿಗೆ. ತಿರುಗಿಸುವ ಕೆಲಸ ಅಡಿವೆವ್ವನದು.

ಬೇಸಿಗೆಯಿಡೀ ಆ ಮಾಳಿಗೆಗಳ ಮೇಲೆ ಮೆಣಸಿನಕಾಯಿ ಒಣಗುತ್ತದೆ, ಪಾರಿವಾಳಗಳು ಕೂರುತ್ತವೆ. ಆದರೂ ಬರಿದಾದ ಟಾಕಿಯ ಮುಂದೆ ನಿಂತು, ಬಂದ ನೀರನ್ನು ಬೀದಿಗೆ ಬಿಡಲು ಯಾರಿಗೆ ಮನಸ್ಸು ಬಂದೀತು? ಮೂರು ವರ್ಷದಿಂದ ಎಲ್ಲರೂ ‘ಇದೊಂದು ಸಲ’ ಎನ್ನುತ್ತಿದ್ದರು. ಅಡಿವೆವ್ವನೂ ಹೂಂ ಅಂದಿದ್ದಳು, ಮುಚ್ಚಿಡುವುದೇಕೆ. ಕಳೆದ ವರ್ಷ ಅದೇ ನೀರಿನ ಚಹಾ ಕುಡಿದು ಓಣಿಗೆ ಓಣಿಯೇ ಕೆಮ್ಮಿತು. ಮಾರನೆಯ ದಿನ ಹೊಟ್ಟೆ ಕೆಟ್ಟು ಓಣಿಗೆ ಓಣಿಯೇ ಸಾಲು ನಿಂತಿತು. ಎಲ್ಲಿ ಎಂದು ಬೇರೆ ಹೇಳಬೇಕಿಲ್ಲ. ಬೈಸಿಕೊಂಡವನು ಮಾತ್ರ ಚಹಾಪುಡಿ ಮಾರಿದ ಅಂಗಡಿಯವನು.

ಈ ವರ್ಷ ಅಡಿವೆವ್ವನಿಗೆ ಮೊದಲ ಮೊಮ್ಮಗಳು. ಶುಕ್ರವಾರ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಬರುವ ಬೀಗರೇ ನೂರು ಜನ. ಟಾಕಿ ಖಾಲಿ. ದೂರದ ಕೆರೆಯಿಂದ ಸೈಕಲ್ ಮೇಲೆ ತರುವ ಎರಡು ಕೊಡ ನೀರು ಮನೆಗೇ ಸಾಲದು. ನೀರಿಲ್ಲದಿದ್ದರೆ ತೊಂದರೆ ತೆಗೆದುಕೊಳ್ಳಬೇಡಿ, ತೊಟ್ಟಿಲನ್ನು ನಮ್ಮೂರಲ್ಲೇ ಕಟ್ಟುತ್ತೇವೆ ಎಂದು ಬೀಗರು ಆಗಲೇ ಹೇಳಿ ಕಳಿಸಿದ್ದರು. ಮೊಮ್ಮಗಳ ಮೊದಲ ತೊಟ್ಟಿಲು ತನ್ನ ಮನೆಯ ತೊಲೆಗೇ ತೂಗಬೇಕು ಎನ್ನುವುದು ಅಡಿವೆವ್ವನ ಆಸೆ.

ಮಂಗಳವಾರ ಮಧ್ಯಾಹ್ನ ಮಳೆ ಬಂತು. ಆ ಕಡೆಯ ಮೊದಲ ಮಳೆ ಅರ್ಧ ತಾಸಿಗಿಂತ ಹೆಚ್ಚು ಸುರಿಯುವುದಿಲ್ಲ. ಓಣಿಯವರೆಲ್ಲ ನೆನೆಯುತ್ತ, ನಗುತ್ತ ಟಾಕಿಯ ಸುತ್ತ ಸೇರಿದರು. ಬಟ್ಟೆಯಲ್ಲಿ ಸೋಸಿದರಾಯಿತು ಎಂದರು ಒಬ್ಬರು. ಪಟಿಕ ಹಾಕಿದರಾಯಿತು ಎಂದರು ಇನ್ನೊಬ್ಬರು. ಕಾರ್ಯ ನಿನ್ನದು, ನಿನಗಾಗಿಯೇ ಹೇಳುತ್ತಿದ್ದೇವೆ ಎಂದರು ಎಲ್ಲರೂ. ಅದು ಸುಳ್ಳೇನಲ್ಲ.

ಅಡಿವೆವ್ವ ಪೈಪಿನ ಮೇಲೆ ಕೈಯಿಟ್ಟಳು. ಪಕ್ಕದ ಮನೆಯ ಕಳಕಪ್ಪ, ಪಾರಿವಾಳ ಸಾಕಿದವನು, ಅಡ್ಡ ಬಂದ.

“ಯಕ್ಕಾ, ಬಂದ ನೀರು ಬಿಡಬ್ಯಾಡ. ಶುಕ್ರವಾರದೊಳಗ ಇನ್ನೊಂದು ಮಳಿ ಬರತೈತಿ ಅಂತ ನಿನಗೇನು ಕಾಗದ ಬಂದೈತೇನು?”

“ಬಂದಿಲ್ಲೋ ತಮ್ಮಾ.”

“ಮತ್ತ?”

“ಬೀಗರಿಗೆ ನಿನ್ನ ಪಾರಿವಾಳದ ಹಿಕ್ಕಿ ಕುಡಿಸಿ ಇಲ್ಲಿ ತೊಟ್ಟಿಲಾ ಕಟ್ಟೂದಕ್ಕಿಂತ, ಅವರೂರಾಗ ಕಟ್ಟಲಿ. ನಾನ ಬಸ್ ಹತ್ತಿ ಹೋಗಿ ಜೋಗುಳ ಹಾಡಿ ಬರತೀನಿ. ಸರಿ ಅತ್ತಾಗ.”

ಜನ ನಕ್ಕರು, ಕಳಕಪ್ಪನೂ ನಕ್ಕ. ಅಡಿವೆವ್ವ ನಗಲಿಲ್ಲ. ಎರಡೂ ಕೈ ಹಾಕಿ ಪೈಪಿನ ಬಾಯನ್ನು ಬೀದಿಗೆ ತಿರುಗಿಸಿದಳು. ತಲೆಯ ಮೇಲೆ ಸೆರಗು ಹೊದ್ದು ಅದರ ಪಕ್ಕದಲ್ಲೇ ನಿಂತಳು. ಮಳೆ ನಿಲ್ಲುವ ತನಕ ಒಬ್ಬರನ್ನೂ ಹತ್ತಿರ ಬಿಡಲಿಲ್ಲ.

ನೀತಿ: ಎಲ್ಲರ ನೀರನ್ನು ಕಾಯುವ ನಿಯಮವನ್ನು, ಅದರಿಂದ ನಮಗೇ ತೊಂದರೆಯಾಗುವ ದಿನ ಪಾಲಿಸಬೇಕು. ಅನುಕೂಲವಿದ್ದ ದಿನ ಯಾರು ಬೇಕಾದರೂ ಪಾಲಿಸುತ್ತಾರೆ. ಆ ದಿನಕ್ಕೆ ನಿಯಮವೇ ಬೇಕಿಲ್ಲ.